ಸೂಟ್‌ಕೇಸಿನಲ್ಲಿ ಬಂದ ಮಾತ್ರೆ

ಭಾರತದ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯು ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲಿಯೇ ಕೂರಿಸಿ, ಮೇಲಿಂದ ಮೇಲೆ ಮೂರ್ಛೆ ಬರುವವರು ಮದುವೆಗೆ ತಕ್ಕವರಲ್ಲವೆಂದು ಸಾರಿತು. ಆ ಪದವನ್ನು ಸಂಸತ್ತು ಕಾಯ್ದೆಯಿಂದ ಕಿತ್ತುಹಾಕಿದ್ದು 1999ರಲ್ಲಿ. ಕಾಯ್ದೆಯಿಂದ ಹೋದದ್ದು ಮನೆಗಳಿಂದ ಹೋಗಲಿಲ್ಲ. ಜಾತಕ ಕೊಡುವಾಗ ಹುಡುಗಿಯ ಫಿಟ್ಸಿನ ಮಾತು ಎತ್ತದಿರುವುದು, ಮದುವೆಯಾದ ಮೇಲೆ ಮಾತ್ರೆಯ ಪಟ್ಟಿಯನ್ನು ಸೀರೆಯ ಮಡಿಕೆಯೊಳಗೆ ಇಡುವುದು, ‘ತಲೆನೋವಿನ ಮಾತ್ರೆ’ ಎಂದು ಅತ್ತೆಗೆ ಹೇಳುವುದು ಕರ್ನಾಟಕದ ಎಷ್ಟೋ ಮನೆಗಳ ಹಳೆಯ ವ್ಯವಹಾರ. ಆ ಮಾತ್ರೆಗಳು ಹೆಣ್ಣುಮಕ್ಕಳ ಜೊತೆಗೆ ವಿಮಾನವನ್ನೂ ಹತ್ತುತ್ತವೆ.

ಟೊರಾಂಟೊ ಮಹಾನಗರದ ಪಶ್ಚಿಮ ತುದಿಯ ಎಟೋಬಿಕೋಕ್ ಅಂಥವರು ಬಂದಿಳಿಯುವ ಜಾಗಗಳಲ್ಲೊಂದು. (ಹೆಸರಿನ ಕೊನೆಯ ‘ಕ್’ ಬರಹದಲ್ಲಿದೆ, ಉಚ್ಚಾರದಲ್ಲಿಲ್ಲ, ಬರೆದಿಟ್ಟು ಬಾಯಿಬಿಡದಿರುವುದು ಕನ್ನಡಿಗರಿಗೆ ಹೊಸದೇನಲ್ಲ.) ರೆಕ್ಸ್‌ಡೇಲ್‌ನ ನೆಲಮಾಳಿಗೆಯ ಬಾಡಿಗೆ ಕೋಣೆಗಳಿಂದ ಹಂಬರ್ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯರು, ಕಿಪ್ಲಿಂಗ್ ನಿಲ್ದಾಣದ ಸುತ್ತಲಿನ ಗಗನಚುಂಬಿಗಳಲ್ಲಿ ಸಂಸಾರ ಹೂಡುವ ಎಂಜಿನಿಯರರ ಮಡದಿಯರು, ಸ್ವತಃ ಎಂಜಿನಿಯರರಾದ ಹೆಂಗಸರು. ಇವರಲ್ಲಿ ಅಪಸ್ಮಾರವಿದ್ದವರಿಗೆ ಬೆಂಗಳೂರಿನಿಂದ ಆರು ತಿಂಗಳ ಎಪ್ಟಾಯಿನ್ ಅಥವಾ ಕಾರ್ಬಮಜೆಪಿನ್ ಕಟ್ಟಿಕೊಂಡು ಬರುವುದು ಸುಲಭ, ಅಗ್ಗ ಮತ್ತು ಗುಟ್ಟಿನ ದಾರಿ. ಮುಗಿದರೆ ಊರಿನಿಂದ ಬರುವ ಅಮ್ಮ ತರುತ್ತಾಳೆ. ಆಮೇಲೆ ಒಂದು ದಿನ ಅದೇ ಹೆಂಗಸು ಹತ್ತಿರದ ವಾಕ್-ಇನ್ ಕ್ಲಿನಿಕ್‌ನಲ್ಲಿ ಗರ್ಭನಿರೋಧಕ ಮಾತ್ರೆಯ ಚೀಟಿ ಬರೆಸಿಕೊಳ್ಳುತ್ತಾಳೆ. ಒಂಟಾರಿಯೊದ ಔಷಧಾಲಯದ ಗಣಕಯಂತ್ರ ಎರಡು ಔಷಧಿಗಳು ಒಂದಕ್ಕೊಂದು ಎದುರು ಬಿದ್ದರೆ ಎಚ್ಚರಿಸುತ್ತದೆ. ಆದರೆ ಸೂಟ್‌ಕೇಸಿನಲ್ಲಿ ಬಂದ ಮಾತ್ರೆ ಅದರ ಕಣ್ಣಿಗೆ ಬೀಳುವುದಿಲ್ಲ.

ಎದುರು ಬೀಳುವ ಬಗೆಯನ್ನು ವೈದ್ಯಲೋಕ ಅರ್ಧ ಶತಮಾನದಿಂದ ಬಲ್ಲದು. ಅಪಸ್ಮಾರಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದ ಮಹಿಳೆಯೊಬ್ಬಳು ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾಗಲೇ ಗರ್ಭ ಧರಿಸಿದ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1972ರಷ್ಟು ಹಿಂದೆಯೇ ಪ್ರಕಟವಾಗಿದೆ. ಫೆನಿಟಾಯಿನ್, ಫೀನೋಬಾರ್ಬಿಟೋನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಹೆಚ್ಚಿನ ಪ್ರಮಾಣದ ಟೋಪಿರಮೇಟ್ ಮುಂತಾದವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಚುರುಕಾದ ಕಿಣ್ವಗಳು ಹೊರಗಿನಿಂದ ಬಂದ ಹಾರ್ಮೋನನ್ನು ಬೇಗ ಬೇಗ ಒಡೆದು ಹೊರಹಾಕುತ್ತವೆ. ಹೆಂಗಸು ದಿನ ತಪ್ಪದೆ ಮಾತ್ರೆ ನುಂಗುತ್ತಾಳೆ. ರಕ್ತದಲ್ಲಿ ಮಾತ್ರ ಸಾಕಷ್ಟು ಹಾರ್ಮೋನು ಉಳಿದಿರುವುದಿಲ್ಲ. ಎರಡು ಹಾರ್ಮೋನುಗಳ ಮಾತ್ರೆ, ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ಯೋನಿಯಲ್ಲಿಡುವ ಉಂಗುರ, ತೋಳಿನ ಚರ್ಮದಡಿ ಇಡುವ ಕಡ್ಡಿ ಎಲ್ಲಕ್ಕೂ ಇದೇ ಗತಿ. ಮೂರ್ಛೆಯ ಔಷಧಿಯನ್ನು ವೈದ್ಯರೇ ಬದಲಿಸಿದರೂ ಕಿಣ್ವಗಳು ಸಹಜ ಸ್ಥಿತಿಗೆ ಮರಳಲು ಸುಮಾರು ನಾಲ್ಕು ವಾರ ಬೇಕು. ತುರ್ತು ಗರ್ಭನಿರೋಧಕವೂ ಇದಕ್ಕೆ ಹೊರತಲ್ಲ. ಕೆನಡಾದಲ್ಲಿ ಚೀಟಿಯಿಲ್ಲದೆ ಕೊಳ್ಳಬಹುದಾದ ಲೆವೊನಾರ್ಜೆಸ್ಟ್ರೆಲ್ ಮಾತ್ರೆ ಇಂಥವರಲ್ಲಿ ದುರ್ಬಲವಾಗುತ್ತದೆ. ಬ್ರಿಟನ್ನಿನ ಮಾರ್ಗಸೂಚಿಗಳು ಇಮ್ಮಡಿ ಪ್ರಮಾಣವನ್ನು ಸೂಚಿಸಿ, ಐದು ದಿನಗಳೊಳಗೆ ತಾಮ್ರದ ವಂಕಿ ಹಾಕಿಸುವುದೇ ಹೆಚ್ಚು ನಂಬಿಕೆಯದೆನ್ನುತ್ತವೆ.

ಲ್ಯಾಮೊಟ್ರಿಜಿನ್ ಎಂಬ ಔಷಧಿಯ ಕಥೆ ಇದರ ತಲೆಕೆಳಗು. ಇಲ್ಲಿ ಏಟು ಬೀಳುವುದು ಗರ್ಭನಿರೋಧಕಕ್ಕಲ್ಲ, ಮೂರ್ಛೆಯ ಔಷಧಿಗೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೊಜೆನ್ ರಕ್ತದಲ್ಲಿನ ಲ್ಯಾಮೊಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಮೂರು ವಾರ ಔಷಧಿ ಕಡಿಮೆಯಾಗಿ ಸೆಳವು ಮರುಕಳಿಸುವ ಭಯ. ಹಾರ್ಮೋನಿಲ್ಲದ ನಾಲ್ಕನೆಯ ವಾರ ಮಟ್ಟ ದಿಢೀರನೆ ಏರಿ ತಲೆಸುತ್ತು, ಕಣ್ಣಿಗೆ ಒಂದು ಎರಡಾಗಿ ಕಾಣುವುದು. ವರ್ಷಗಟ್ಟಲೆ ಸೆಳವು ಕಾಣದಿದ್ದವಳಿಗೆ ಹೀಗೆ ಒಮ್ಮೆ ಆದರೆ ಮನೆಯವರು ಉಪವಾಸ, ನಿದ್ದೆಗೇಡು, ದೃಷ್ಟಿ ಎಂದು ಹತ್ತು ಕಾರಣ ಹುಡುಕುತ್ತಾರೆ; ಹೊಸದಾಗಿ ಶುರುವಾದ ಮಾತ್ರೆಯ ನೆನಪು ಯಾರಿಗೂ ಬರುವುದಿಲ್ಲ, ಅದು ಅವರಿಗೆ ಗೊತ್ತಿರುವುದೂ ಇಲ್ಲ. ಒಂಟಾರಿಯೊದಲ್ಲಿ ಒಂದು ಸೆಳವಿನ ಬೆಲೆ ದೊಡ್ಡದು. ವಾಹನ ಚಾಲನೆಗೆ ಅಪಾಯ ತರುವಂಥ ಸೆಳವನ್ನು ವೈದ್ಯರು ಸಾರಿಗೆ ಇಲಾಖೆಗೆ ವರದಿ ಮಾಡಲೇಬೇಕು, ಪರವಾನಗಿ ಅಮಾನತಾಗಬಹುದು. ಬಸ್ಸು ಸರಿಯಾಗಿ ಸಿಗದ ಮಿಸಿಸಾಗದ ಗೋದಾಮಿಗೆ ರಾತ್ರಿ ಪಾಳಿಗೆ ಕಾರಿನಲ್ಲಿ ಹೋಗುವವಳಿಗೆ ಪರವಾನಗಿ ಹೋದರೆ ಕೆಲಸ ಹೋದಂತೆ. ವೈದ್ಯರ ಮುಂದೆ ಬಾಯಿಬಿಡದಿರಲು ಊರಿನ ಕಳಂಕದ ಜೊತೆಗೆ ಈ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ವಿಪರ್ಯಾಸವೆಂದರೆ, ಮುಂಚೆಯೇ ತಿಳಿಸಿದ್ದರೆ ಲ್ಯಾಮೊಟ್ರಿಜಿನ್ ಪ್ರಮಾಣ ಹೆಚ್ಚಿಸಬಹುದಿತ್ತು, ಅಥವಾ ಈಸ್ಟ್ರೊಜೆನ್ ಇಲ್ಲದ ವಿಧಾನ ಆರಿಸಿಕೊಳ್ಳಬಹುದಿತ್ತು.

ಮೂರನೆಯದು ವ್ಯಾಲ್ಪ್ರೊಯೇಟ್. ಇದು ಹಾರ್ಮೋನಿಗೆ ಅಡ್ಡಬರುವುದಿಲ್ಲ. ಗರ್ಭನಿರೋಧಕ ಮಾತ್ರೆ ತನ್ನ ಕೆಲಸ ತಾನು ಮಾಡುತ್ತದೆ. ಆದರೆ ಅದು ಕೈಕೊಟ್ಟರೆ, ಅಥವಾ ಯಾರೂ ಏನೂ ಹೇಳದೆ ಅವಳು ಏನನ್ನೂ ತೆಗೆದುಕೊಳ್ಳದಿದ್ದರೆ, ಪರಿಣಾಮ ಎಲ್ಲಕ್ಕಿಂತ ಘೋರ. ಗರ್ಭದಲ್ಲಿ ವ್ಯಾಲ್ಪ್ರೊಯೇಟ್‌ಗೆ ಒಡ್ಡಿಕೊಂಡ ನೂರು ಮಕ್ಕಳಲ್ಲಿ ಸುಮಾರು 10 ಮಂದಿಗೆ ಬೆನ್ನುಹುರಿಯ ದೋಷವೂ ಸೇರಿದಂತೆ ದೊಡ್ಡ ಜನ್ಮದೋಷಗಳು, 30ರಿಂದ 40 ಮಂದಿಗೆ ಮಾತು, ಕಲಿಕೆ, ಬುದ್ಧಿ ಬೆಳವಣಿಗೆಯ ತೊಂದರೆಗಳು. ಬ್ರಿಟನ್ 2018ರಲ್ಲಿಯೇ ಗರ್ಭಧಾರಣೆ ತಡೆಯುವ ಖಚಿತ ವ್ಯವಸ್ಥೆಯಿಲ್ಲದೆ ಹರೆಯದ ಹೆಂಗಸರಿಗೆ ಈ ಔಷಧಿ ಕೊಡಬಾರದೆಂದು ನಿಯಮ ಮಾಡಿತು. ‘ಮದುವೆಯಾಗದ ಹುಡುಗಿಗೆ ಆ ಮಾತೇಕೆ’ ಎಂದು ವೈದ್ಯರು ಸುಮ್ಮನಾಗುವ ಕಡೆಗಳಲ್ಲಿ ಆ ಸುಮ್ಮನಿರುವಿಕೆಯನ್ನು ಸಭ್ಯತೆ ಎಂದು ಕರೆಯಲಾಗದು. ಅದು ಕರ್ತವ್ಯಲೋಪ.

ಇಷ್ಟು ಓದಿ ಹೆದರಿ ಮೂರ್ಛೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇದೆಲ್ಲಕ್ಕಿಂತ ಅಪಾಯಕರ. ಥಟ್ಟನೆ ನಿಲ್ಲಿಸಿದರೆ ಬಿಡದೆ ಬರುವ ಸೆಳವು ಪ್ರಾಣಕ್ಕೇ ಎರವಾಗಬಹುದು. ನಿಲ್ಲಿಸುವ ಅಗತ್ಯವೂ ಇಲ್ಲ, ಏಕೆಂದರೆ ದಾರಿಗಳಿವೆ. ಲೆವೆಟಿರಾಸೆಟಮ್‌ನಂಥ ಔಷಧಿಗಳು ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ. ಗರ್ಭಕೋಶದೊಳಗೇ ಕೆಲಸ ಮಾಡುವ ಸಾಧನಗಳು, ಅಂದರೆ ತಾಮ್ರದ್ದು ಮತ್ತು ಲೆವೊನಾರ್ಜೆಸ್ಟ್ರೆಲ್ ಒಸರುವಂಥದ್ದು, ಯಕೃತ್ತಿನ ಕಿಣ್ವಗಳಿಗೆ ಸೊಪ್ಪು ಹಾಕುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಅದು ಮೂಳೆಯ ಸಾಂದ್ರತೆಯನ್ನು ತಗ್ಗಿಸುತ್ತದೆ, ಹಳೆಯ ಮೂರ್ಛೆಯ ಔಷಧಿಗಳೂ ತಗ್ಗಿಸುತ್ತವೆ. ತಾಮ್ರದ ವಂಕಿಯಿಂದ ಮುಟ್ಟಿನ ಸ್ರಾವ ಹೆಚ್ಚಬಹುದು, ಮೊದಲೇ ರಕ್ತಹೀನತೆ ಇದ್ದವಳಿಗೆ ಅದು ಸಣ್ಣ ಮಾತಲ್ಲ. ತೂಗಿ ನೋಡಬೇಕಾದವಳು ಅವಳೇ. ತೂಗಲು ತಕ್ಕಡಿಯ ಎರಡೂ ತಟ್ಟೆಗಳು ಅವಳ ಕಣ್ಣಮುಂದಿರಬೇಕು.

ಕರ್ನಾಟಕದ ಹಳ್ಳಿಯ ಹೆಂಗಸರಿಗೆ ವಂಕಿ ಹೊಸ ಮಾತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿ ಹೇಳಿ ಅದು ಅಡುಗೆಮನೆಯ ಪದವಾಗಿದೆ. ಜಗತ್ತಿನಲ್ಲಿ ಸರ್ಕಾರವೇ ತೆರೆದ ಮೊಟ್ಟಮೊದಲ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳ ಸಾಲಿಗೆ ಮೈಸೂರು ಸಂಸ್ಥಾನ 1930ರಲ್ಲಿ ತೆರೆದವು ಸೇರುತ್ತವೆ. ಕೆನಡಾದಲ್ಲಿ ಗರ್ಭನಿರೋಧಕಗಳ ಮಾರಾಟ ಅಪರಾಧವಲ್ಲವೆಂದು ತೀರ್ಮಾನವಾದದ್ದು 1969ರಲ್ಲಿ. ಅಪಸ್ಮಾರದ ಚಿಕಿತ್ಸೆಯಲ್ಲಿಯೂ ಕರ್ನಾಟಕಕ್ಕೆ ಹೇಳಿಕೊಳ್ಳುವಂಥ ಚರಿತ್ರೆಯಿದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಅಗ್ಗದ ಫೀನೋಬಾರ್ಬಿಟೋನ್, ಫೆನಿಟಾಯಿನ್‌ಗಳಿಂದ ಹಳ್ಳಿಗರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಆ ಎರಡೂ ಔಷಧಿಗಳು ಹಾರ್ಮೋನನ್ನು ಕರಗಿಸುವ ಗುಂಪಿಗೇ ಸೇರಿದವು ಎಂಬುದನ್ನು ಮರೆಯುವಂತಿಲ್ಲ. ಮೂರ್ಛೆಗೆ ಒಂದು ಕೋಣೆ, ಕುಟುಂಬ ಯೋಜನೆಗೆ ಇನ್ನೊಂದು ಕೋಣೆ ಎಂಬ ಏರ್ಪಾಡು ಊರಿನಲ್ಲೂ ಇದೆ, ಒಂಟಾರಿಯೊದಲ್ಲೂ ಇದೆ. ನರರೋಗ ತಜ್ಞರು ಸೆಳವಿನ ಲೆಕ್ಕ ಕೇಳುತ್ತಾರೆ, ಸ್ತ್ರೀರೋಗ ತಜ್ಞರು ಮುಟ್ಟಿನ ಲೆಕ್ಕ ಕೇಳುತ್ತಾರೆ.

ಇನ್ನು ಸಂಕೋಚದ ಮಾತು. ಗೃಹಪ್ರವೇಶಕ್ಕೋ ಸತ್ಯನಾರಾಯಣ ಪೂಜೆಗೋ ಅಡ್ಡಿಯಾಗದಂತೆ ಮುಟ್ಟನ್ನು ಮುಂದೂಡುವ ಮಾತ್ರೆಯನ್ನು ಸೊಸೆಗೆ ಕೊಡಿಸಲು ಯಾವ ಅತ್ತೆಯೂ ನಾಚುವುದಿಲ್ಲ. ಬೆಂಗಳೂರಿನಿಂದ ಅದೂ ಸೂಟ್‌ಕೇಸಿನಲ್ಲಿ ಬರುತ್ತದೆ. ಅದರಲ್ಲಿರುವ ನಾರ್‌ಎಥಿಸ್ಟೆರೋನ್ ಕೂಡ ಹಾರ್ಮೋನೇ, ಮೂರ್ಛೆಯ ಮಾತ್ರೆಯಿಂದ ಅದೂ ಸೊರಗುತ್ತದೆ. ದೇವರ ಹೆಸರಿನಲ್ಲಿ ನುಂಗಬಹುದಾದ ಹಾರ್ಮೋನು ಹೆಣ್ಣಿನ ಸ್ವಂತ ಇಚ್ಛೆಯ ಹೆಸರಿನಲ್ಲಿ ಬಂದಾಗ ಮಾತ್ರ ಅಶ್ಲೀಲವಾಗುವುದು ಹೇಗೆ? ಗರ್ಭನಿರೋಧಕ ಮಾತ್ರೆಯನ್ನು ಅತಿಸ್ರಾವಕ್ಕೂ, ಮೊಡವೆಗೂ, ಪಿಸಿಓಎಸ್‌ಗೂ ಬರೆದುಕೊಡುತ್ತಾರೆ. ಹದಿನೇಳರ ಹುಡುಗಿಯೂ ಅದನ್ನು ತೆಗೆದುಕೊಳ್ಳುತ್ತಿರಬಹುದು. ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಕಾಯಿಲೆ, ಹೃದಯ, ಮಂಡಿನೋವುಗಳ ಭಾಷಣಗಳಿಗೆ ಬರವಿಲ್ಲ. ರಾಜ್ಯೋತ್ಸವದ ಊಟಕ್ಕೆ ಮುಂಚಿನ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಕೊಟ್ಟರೆ ಸಂಸ್ಕೃತಿಗೇನೂ ಕುಂದಾಗದು.

ಹಣದ ಪ್ರಶ್ನೆ ಮಾತ್ರ ಸಂಘಗಳಿಂದ ಬಗೆಹರಿಯುವಂಥದ್ದಲ್ಲ. ಕಿಣ್ವಗಳ ಕಾಟವಿಲ್ಲದ ಹಾರ್ಮೋನು ವಂಕಿಗೆ ಕೆನಡಾದಲ್ಲಿ 500 ಡಾಲರ್‌ವರೆಗೂ ಬೀಳಬಹುದು. ಬ್ರಿಟಿಷ್ ಕೊಲಂಬಿಯಾ 2023ರ ಏಪ್ರಿಲ್‌ನಿಂದ ಗರ್ಭನಿರೋಧಕಗಳನ್ನು ಉಚಿತಗೊಳಿಸಿತು, ಮ್ಯಾನಿಟೋಬಾ 2024ರ ಅಕ್ಟೋಬರ್‌ನಿಂದ. ಅದೇ ತಿಂಗಳು ಒಕ್ಕೂಟ ಸರ್ಕಾರದ ಫಾರ್ಮಾಕೇರ್ ಕಾಯ್ದೆ ಜಾರಿಗೆ ಬಂತು. ಆ ಎರಡು ಪ್ರಾಂತ್ಯಗಳ ಜೊತೆಗೆ ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಮತ್ತು ಯೂಕಾನ್ 2025ರ ವಸಂತದ ಹೊತ್ತಿಗೆ ಒಪ್ಪಂದಕ್ಕೆ ಬಂದಿದ್ದವು. ದೇಶದ ಅತಿ ದೊಡ್ಡ ಪ್ರಾಂತ್ಯವಾದ ಒಂಟಾರಿಯೊ ಬಂದಿರಲಿಲ್ಲ. ಇಲ್ಲಿ 25 ತುಂಬಿದವಳು ಸ್ವಂತ ಖರ್ಚಿನಲ್ಲಿಯೋ ಗಂಡನ ಕಂಪನಿಯ ವಿಮೆಯಲ್ಲಿಯೋ ದಾರಿ ನೋಡಿಕೊಳ್ಳಬೇಕು. ವಿಮೆಯ ವಿವರ ಗಂಡನ ಖಾತೆಯಲ್ಲಿ ಕಾಣಿಸಿಕೊಳ್ಳಬಹುದು. ಗುಟ್ಟಾಗಿ ಬದುಕುವವಳು ಅಗ್ಗದ ಮಾತ್ರೆಗೆ, ಅಂದರೆ ತನ್ನ ದೇಹದಲ್ಲಿ ನಿಲ್ಲದ ಮಾತ್ರೆಗೆ, ಮರಳುತ್ತಾಳೆ. ಟೊರಾಂಟೊ ಸಾರ್ವಜನಿಕ ಆರೋಗ್ಯ ಇಲಾಖೆಯ ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳಲ್ಲಿ ಹೆಲ್ತ್ ಕಾರ್ಡ್ ಇಲ್ಲದೆಯೂ ಗರ್ಭನಿರೋಧಕಗಳು ಉಚಿತವಾಗಿಯೋ ಕಡಿಮೆ ಬೆಲೆಗೋ ಸಿಗುತ್ತವೆಂಬುದು ಹಂಬರ್‌ನ ವಿದ್ಯಾರ್ಥಿನಿಯರಿಗೆ ಮೊದಲ ವಾರವೇ ತಿಳಿಯಬೇಕಾದ ಸಂಗತಿ.

ಯಾರು ಮೊದಲು ಬಾಯಿಬಿಡಬೇಕು? ಹೆಂಗಸೇ ಹೇಳಿಕೊಳ್ಳಲಿ ಎನ್ನುವುದು ಭಾರವನ್ನು ಅತಿ ದುರ್ಬಲ ಭುಜಕ್ಕೆ ಹೊರಿಸಿದಂತೆ. ಮೂರ್ಛೆಯ ಔಷಧಿ ಬರೆಯುವ ವೈದ್ಯರು ಅದೇ ದಿನ ಗರ್ಭನಿರೋಧದ ಮಾತನ್ನೂ ಎತ್ತಬೇಕು. ಗರ್ಭನಿರೋಧಕ ಬರೆಯುವವರು ಊರಿನಿಂದ ತಂದ ಮಾತ್ರೆಗಳಿವೆಯೇ ಎಂದು ಅದೇ ಮಾತುಗಳಲ್ಲಿ, ಗಂಡ ಅಥವಾ ಅತ್ತೆ ಕೋಣೆಯಲ್ಲಿಲ್ಲದಾಗ ಕೇಳಬೇಕು. ಉಳಿದದ್ದು ಔಷಧಾಲಯದ ಪಾಲು. ಒಂಟಾರಿಯೊದಲ್ಲಿ 2007ರಿಂದ ಮೆಡ್ಸ್‌ಚೆಕ್ ಎಂಬ ವ್ಯವಸ್ಥೆಯಿದೆ: ಫಾರ್ಮಸಿಸ್ಟ್ ರೋಗಿಯನ್ನು ಕೂರಿಸಿಕೊಂಡು ಅವರ ಎಲ್ಲ ಔಷಧಿಗಳನ್ನೂ ಬಿಟ್ಟಿಯಾಗಿ ಪರಿಶೀಲಿಸುತ್ತಾರೆ. ಇದಕ್ಕೆ ಅರ್ಹರಾಗಲು ದೀರ್ಘಕಾಲದ ಕಾಯಿಲೆಗೆ ಕನಿಷ್ಠ ಮೂರು ಔಷಧಿಗಳನ್ನು ತೆಗೆದುಕೊಳ್ಳುತ್ತಿರಬೇಕೆಂಬ ನಿಯಮದಡಿ ಅದು ನಡೆದುಬಂದಿದೆ. ಒಂದು ಮೂರ್ಛೆಯ ಮಾತ್ರೆ, ಒಂದು ಗರ್ಭನಿರೋಧಕ ಮಾತ್ರೆ: ಲೆಕ್ಕ ಎರಡಕ್ಕೇ ನಿಲ್ಲುತ್ತದೆ. ಮಧುಮೇಹಿಗಳಿಗೆ ಈ ಲೆಕ್ಕದಿಂದ ವಿನಾಯಿತಿ ಕೊಟ್ಟು ಪ್ರತ್ಯೇಕ ಪರಿಶೀಲನೆಯನ್ನೇ ಏರ್ಪಡಿಸಲಾಗಿದೆ. ಅಪಸ್ಮಾರವಿರುವ ಹೆಂಗಸರಿಗೂ ಅದೇ ವಿನಾಯಿತಿ ಕೊಡಿ ಎಂದು ಎಟೋಬಿಕೋಕ್‌ನ ಕನ್ನಡಿಗರು ತಮ್ಮ ಶಾಸಕರಿಗೆ ಇಂದೇ ಪತ್ರ ಬರೆಯಬಹುದು.