ನಮ್ಮ ಮನೆಯ ತಾಮ್ರದ ಸರ್ಪ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕ್ರೈಸ್ತ ಸಭೆಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಪ್ರಸಂಗದಲ್ಲಿ ವಿಗ್ರಹಾರಾಧನೆ ಎಂಬ ಮಾತು ಬಂದಾಗಲೆಲ್ಲ ನಮ್ಮ ಮನಸ್ಸು ನೆರೆಮನೆಯತ್ತ ಓಡುತ್ತದೆ. ದಯಮಾಡಿ ಅದನ್ನು ಅಲ್ಲಿಂದ ಹಿಂದಕ್ಕೆ ಕರೆಯಿರಿ. ನೆರೆಯವರೊಂದಿಗೆ ಸುಖದುಃಖ ಹಂಚಿಕೊಂಡು ಬಾಳಿದವರು ನಾವು. ಅವರ ದೇವರಕೋಣೆಯ ವಿಚಾರಣೆ ನಮ್ಮದಲ್ಲ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೋಭವನ್ನೇ ವಿಗ್ರಹಾರಾಧನೆ ಎಂದದ್ದು ಸಭೆಯೊಳಗಿನ ವಿಶ್ವಾಸಿಗಳಿಗೆ.

ಅರಸುಗಳ ಎರಡನೆಯ ಪುಸ್ತಕದ 18ನೆಯ ಅಧ್ಯಾಯ ತೆಗೆದು ಓದಿ. ಹಿಜ್ಕೀಯ ಅರಸನು ತಾಮ್ರದ ಸರ್ಪವೊಂದನ್ನು ಚೂರುಚೂರು ಮಾಡಿದನು. ಅದನ್ನು ಮಾಡಿದವನು ಮೋಶೆ, ಮಾಡೆಂದವನು ದೇವರು. ಅರಣ್ಯದಲ್ಲಿ ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದ್ದರು. ಎಷ್ಟೋ ತಲೆಮಾರು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದ್ದರು. ಈ ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ದೇವರು ಕೊಟ್ಟ ಒಳ್ಳೆಯದೇ ದೇವರ ಜಾಗದಲ್ಲಿ ಬಂದು ಕೂತಿತ್ತು.

ಮೆಣಸಿನಕಾಯಿ, ಗೋವಿನಜೋಳ, ಹತ್ತಿ ನಮಗೆ ದೇವರು ಕೊಟ್ಟ ಒಳ್ಳೆಯವು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದನ್ನು ಯಾರೂ ಮರೆತಿಲ್ಲ. ರೈತರ ಸಂಕಟ ಹಗುರವಾದದ್ದಲ್ಲ. ನ್ಯಾಯದ ಬೆಲೆ ಕೇಳುವುದು ಲೋಭವೂ ಅಲ್ಲ. ನನ್ನ ಕಳವಳವಿರುವುದು ದರ ಚೆನ್ನಾಗಿ ಸಿಕ್ಕ ವರ್ಷಗಳ ಬಗ್ಗೆ. ಆಗ ಮದುವೆಯ ಮಂಟಪ ದೊಡ್ಡದಾಗುತ್ತದೆ, ಬಂಗಾರದ ತೂಕ ಏರುತ್ತದೆ. ಅದನ್ನು ಕಂಡ ಬಡಮನೆಯವರು, ನಾಲ್ಕು ಜನರ ಮುಂದೆ ತಲೆ ತಗ್ಗಬಾರದೆಂದು ಸಂಘದ ಸಾಲ ಎತ್ತುತ್ತಾರೆ. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಾಳಲಾರದೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದ್ದು 2025ರ ಜನವರಿಯಲ್ಲಿ. ಹೊಟ್ಟೆಪಾಡಿಗೆ, ಆಸ್ಪತ್ರೆಗೆ ಸಾಲ ಮಾಡಿದವರನ್ನು ದೂರುವುದು ಪಾಪ. ಆದರೆ ಮೆರವಣಿಗೆಗೂ ಸಾಲ ಮಾಡಿಸುವ ಆ ಮರ್ಯಾದೆಗೆ ನಾವೆಲ್ಲರೂ ಸೇರಿ ಧೂಪ ಹಾಕುತ್ತಿಲ್ಲವೇ?

ಇನ್ನು ಮೊಬೈಲು. ಅದರಲ್ಲಿ ಸತ್ಯವೇದವೂ ಇದೆ, ಬೆಟ್ಟಿಂಗೂ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಆದರೆ ಚಟಕ್ಕೆ ಬಿದ್ದ ಹುಡುಗನ ಪಕ್ಕ ಕೂತು ಮಾತಾಡುವ ಕೆಲಸ ಕಾನೂನಿನದಲ್ಲ, ಮನೆಯವರದು, ಸಭೆಯದು. ಕಾಣಿಕೆ ಕಳಿಸಿದರೆ ಸಾಲ ತೀರುತ್ತದೆ, ವೀಸಾ ಸಿಗುತ್ತದೆ ಎಂದು ಯೂಟ್ಯೂಬಿನಲ್ಲಿ ಬೋಧಿಸುವವರ ಬಗೆಗಂತೂ ಕಟುವಾಗಿಯೇ ಹೇಳುತ್ತೇನೆ: ಅಲ್ಲಿ ಯೇಸುವಿನ ಹೆಸರಿದೆ, ಶಿಲುಬೆಯಿಲ್ಲ.

ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಎಲ್ಲರ ಮೊಬೈಲನ್ನೂ ಒಂದು ಕಡೆ ಇಟ್ಟು, ನಿಂತುಹೋದ ಕುಟುಂಬ ಪ್ರಾರ್ಥನೆಯನ್ನು ಮತ್ತೆ ಶುರುಮಾಡಿ. ಮೊದಲು ಹಿರಿಯರ ಮೊಬೈಲು ಬರಲಿ. ಮಕ್ಕಳದು ತಾನಾಗಿ ಬರುತ್ತದೆ. ಉಳ್ಳವರು ತಮ್ಮ ಮನೆಯ ಮದುವೆಯನ್ನು ಸರಳವಾಗಿ ಮಾಡಿ, ಇಲ್ಲದವರ ಮೇಲಿನ ಭಾರ ಇಳಿಸಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಯಾರು ಎಷ್ಟಕ್ಕೆ ಕೂಗಿದರೆಂದು ಮೈಕಿನಲ್ಲಿ ಸಾರುವುದಿದ್ದರೆ ಅದು ನಿಲ್ಲಲಿ. ಹರಾಜಿನ ಹಣದಲ್ಲಿ ಒಂದು ಪಾಲನ್ನು ಸಾಲದ ಕಂತು ಕಟ್ಟಲಾರದ ಮನೆಗಳಿಗಾಗಿ ತೆಗೆದಿಡಲು ಮುಂದಿನ ಕಮಿಟಿಯಲ್ಲೇ ಮಾತೆತ್ತಿ. ಅವು ಯಾವ ಮನೆಗಳೆಂದು ನಿಮ್ಮ ಸಭಾಪಾಲಕರಿಗೆ ಗೊತ್ತಿರುತ್ತದೆ.