ಮುಳುಗಡೆಯ ಮಕ್ಕಳ ಮುಪ್ಪು: ಒಂದು ಹುಳು ಎತ್ತಿದ ಪ್ರಶ್ನೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರವನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲುತ್ತದೆ. 1964ರಲ್ಲಿ ಅಣೆಕಟ್ಟೆ ಪೂರ್ಣಗೊಂಡು ಹಿನ್ನೀರು ಏರಿದಾಗ ಗದ್ದೆ, ತೋಟ, ಮನೆ ಬಿಟ್ಟು ಹೊರಟವರ ಕಂಕುಳಲ್ಲಿ ಕೂಸುಗಳಿದ್ದವು. ಆ ಕೂಸುಗಳಿಗೆ ಈಗ ಅರವತ್ತು ದಾಟಿದೆ. ಎಳವೆಯಲ್ಲಿ ಅವರ ಮೈ ತಾಳಿಕೊಂಡ ಕಷ್ಟ ಮುಪ್ಪಿನಲ್ಲಿ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತಿದೆ? ಮುಳುಗಡೆಯ ಚರ್ಚೆ ಇಷ್ಟು ವರ್ಷ, ನೆಲೆ ಕಳೆದುಕೊಂಡವರ ಜಮೀನಿನ ಹಕ್ಕುಪತ್ರದ ಹೋರಾಟದ ಸುತ್ತ ನಡೆದಿದೆ. ಆ ಹೋರಾಟ ನ್ಯಾಯವಾದದ್ದು. ಅದರ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು.

ಹೀಗೆ ಕೇಳಲು ಕಾರಣ ಒದಗಿಸಿರುವುದು ಒಂದು ಮಿಲಿಮೀಟರ್ ಉದ್ದದ ದುಂಡುಹುಳು. ಸಿ. ಎಲಿಗನ್ಸ್ ಎಂಬ ಇದು ಕೊಳೆತ ಹಣ್ಣು, ಸೊಪ್ಪುಸದೆಯ ಗೊಬ್ಬರದಲ್ಲಿ ಬದುಕುವ ಜೀವಿ. ಹೊಟ್ಟೆಯ ಜಂತುಹುಳುವಿಗೆ ದೂರದ ನೆಂಟ. ಎರಡು ಮೂರು ವಾರಗಳಲ್ಲಿ ಹುಟ್ಟು, ಹರೆಯ, ಮುಪ್ಪು, ಸಾವು ಎಲ್ಲ ಮುಗಿಯುವುದರಿಂದ ವೃದ್ಧಾಪ್ಯದ ಅಧ್ಯಯನಕ್ಕೆ ಇದಕ್ಕಿಂತ ಅನುಕೂಲವಾದ ಪ್ರಾಣಿ ಸಿಗುವುದು ಕಷ್ಟ. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಒಂದೇ ಒಂದು ಜೀನ್‌ನ ಬದಲಾವಣೆಯಿಂದ ಈ ಹುಳುವಿನ ಆಯಸ್ಸು ಇಮ್ಮಡಿಯಾಗುತ್ತದೆ ಎಂದು ತೋರಿಸಿತು.

2002ರಲ್ಲಿ ಆಂಡ್ರ್ಯೂ ಡಿಲಿನ್ ಮತ್ತು ಸಂಗಡಿಗರಿಗೆ ಸಿಕ್ಕ ಉತ್ತರ ಇನ್ನೂ ವಿಚಿತ್ರ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಕೆಲಸವನ್ನು ಹುಳು ಮರಿಯಾಗಿದ್ದಾಗ ತುಸು ಕುಗ್ಗಿಸಿದರೆ ಅದರ ಆಯಸ್ಸು ಹೆಚ್ಚಿತು. ಬೆಳೆದ ಮೇಲೆ ಅದನ್ನೇ ಮಾಡಿದಾಗ ಆಯಸ್ಸು ಹೆಚ್ಚಲಿಲ್ಲ.

ಇದರ ಹಿಂದೆ ಒಂದು ದೂರು ಮುಟ್ಟಿಸುವ ವ್ಯವಸ್ಥೆಯಿದೆ. ಎಟಿಎಫ್‌ಎಸ್–1 ಎಂಬ ಪ್ರೋಟೀನ್ ಎಲ್ಲ ಸರಿಯಿದ್ದಾಗ ಮೈಟೊಕಾಂಡ್ರಿಯಾದ ಒಳಗೆ ಹೋಗಿ ಅಲ್ಲೇ ಕರಗುತ್ತದೆ. ಒಳಗೆ ತೊಂದರೆಯಾದರೆ ಅದಕ್ಕೆ ಪ್ರವೇಶ ಸಿಗುವುದಿಲ್ಲ. ಆಗ ಅದು ಕೋಶಕೇಂದ್ರಕ್ಕೆ ಹೋಗಿ ದುರಸ್ತಿಯ ಜೀನ್‌ಗಳನ್ನು ಎಬ್ಬಿಸುತ್ತದೆ. 2011ರ ಇನ್ನೊಂದು ಪ್ರಯೋಗದಲ್ಲಿ ನರಕೋಶಗಳಲ್ಲಿ ಆದ ತೊಂದರೆಗೆ ಕರುಳಿನ ಕೋಶಗಳೂ ಎಚ್ಚೆತ್ತವು. ಒಂದು ಅಂಗದ ಸಂಕಟ ಇಡೀ ಮೈಗೆ ತಿಳಿಯುತ್ತದೆ.

ಇಷ್ಟರಿಂದ ‘ಕಷ್ಟಪಟ್ಟವರೇ ಗಟ್ಟಿ’ ಎಂದು ಹೊರಟರೆ ಅದು ವಿಜ್ಞಾನಕ್ಕೂ ಮುಳುಗಡೆಯವರಿಗೂ ಮಾಡುವ ಅನ್ಯಾಯ. ಮೈಟೊಕಾಂಡ್ರಿಯಾದ ಕೆಲಸವನ್ನು ತೀರಾ ತಗ್ಗಿಸಿದರೆ ಹುಳು ಬೆಳೆಯುವುದೇ ಇಲ್ಲ, ಇಲ್ಲವೇ ಬೇಗ ಸಾಯುತ್ತದೆ. ಎಚ್ಚರಿಕೆಯ ಈ ವ್ಯವಸ್ಥೆ ಸದಾ ಚಾಲೂ ಇದ್ದರೂ ಆಯಸ್ಸು ಹೆಚ್ಚುತ್ತದೆಂಬ ಖಾತರಿಯಿಲ್ಲ ಎಂದು 2014ರ ಅಧ್ಯಯನವೊಂದು ಹೇಳಿತು. ಹುಳುವಿನಿಂದ ಖಚಿತವಾಗಿ ಕಲಿಯಬಹುದಾದದ್ದು ಎರಡು ಸಂಗತಿ: ಪೆಟ್ಟು ಎಷ್ಟು ಬಿತ್ತು ಎನ್ನುವಷ್ಟೇ ಯಾವ ವಯಸ್ಸಿನಲ್ಲಿ ಬಿತ್ತು ಎನ್ನುವುದೂ ಮುಖ್ಯ, ಎಳವೆಯ ಪೆಟ್ಟಿನ ಲೆಕ್ಕವನ್ನು ಮೈ ಮುಪ್ಪಿನವರೆಗೂ ಇಟ್ಟುಕೊಂಡಿರುತ್ತದೆ.

ಮನುಷ್ಯರಲ್ಲಿ ಆ ಲೆಕ್ಕ ಕಹಿಯಾಗಿಯೇ ಕಂಡಿದೆ. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಂದ ಕ್ಷಾಮದ ವೇಳೆ ತಾಯಿಯ ಗರ್ಭದಲ್ಲಿದ್ದವರನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದರು. ನಡುವಯಸ್ಸಿನಲ್ಲಿ ಅವರ ರಕ್ತದಲ್ಲಿ ಸಕ್ಕರೆಯ ಹತೋಟಿ ಕೆಟ್ಟಿತ್ತು. ಗರ್ಭದ ಮೊದಲ ತಿಂಗಳುಗಳಲ್ಲೇ ಹಸಿವು ತಟ್ಟಿದವರಲ್ಲಿ ಹೃದಯದ ಕಾಯಿಲೆಯೂ ಹೆಚ್ಚಿತ್ತು.

ಮುಳುಗಡೆಯ ಮಕ್ಕಳನ್ನೂ ಹೀಗೆಯೇ ಹಿಂಬಾಲಿಸಿ ನೋಡಬೇಕು. ಮಲೆನಾಡಿಗೆ ವಿಜ್ಞಾನಿಗಳು ಬಾರದೇ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆ, 1970ರ ದಶಕದಲ್ಲಿ ಸಾಗರದ ಹಂದಿಗೋಡು ಕಾಯಿಲೆ ಅವರನ್ನು ಇಲ್ಲಿಗೆ ಕರೆತಂದವು. ರೋಗ ಕಂಡಾಗ ಬಂದವರು ಮುಪ್ಪಿಗಾಗಿಯೂ ಬರಬೇಕು. ಅದಕ್ಕೆ ಮಾದರಿ ರಾಜ್ಯದಲ್ಲೇ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮೀಣರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ.

ಅಂಥದ್ದೊಂದು ಅಧ್ಯಯನವನ್ನು ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜು ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳಲ್ಲಿ ಆರಂಭಿಸಬಹುದು. ಮುಳುಗಡೆಯಾದವರ ಜೊತೆಗೆ ಅದೇ ವಯಸ್ಸಿನ, ಊರು ಬಿಡದ ನೆರೆಯವರನ್ನೂ ಸೇರಿಸಿಕೊಂಡರೆ ಹೋಲಿಕೆಗೆ ಆಧಾರ ಸಿಗುತ್ತದೆ. ತಡಮಾಡುವಂತಿಲ್ಲ, 1964ರಲ್ಲಿ ಹತ್ತು ವರ್ಷದವರಾಗಿದ್ದವರು ಎಪ್ಪತ್ತು ದಾಟಿದ್ದಾರೆ. ಹಿನ್ನೀರಿನಾಚೆಯ ತುಮರಿಯ ಕಡೆಯವರು ಆಸ್ಪತ್ರೆಗೂ ಲಾಂಚ್ ಕಾಯುತ್ತಾ ದಶಕಗಳನ್ನು ಕಳೆದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅವರ ಮನೆಬಾಗಿಲಿಗೆ ಹೋಗುವುದೂ ಸುಲಭವಾಗಿದೆ. ಸಕ್ಕರೆ, ರಕ್ತದೊತ್ತಡ, ಮರೆವು ಎಲ್ಲವನ್ನೂ ದಾಖಲಿಸುವ ಆ ನಮೂನೆಯಲ್ಲಿ ಒಂದು ಕಾಲಂ ತಪ್ಪದೆ ಇರಲಿ: ಊರು ಮುಳುಗಿದಾಗ ನಿಮಗೆಷ್ಟು ವಯಸ್ಸು?