ಹೊಸೂರಿನ ವಾಟರ್ ಸರ್ವಿಸ್ ಅಂಗಡಿಗಳು: ಬೇರು ಇರುವುದು ಬೋರ್‌ವೆಲ್‌ನಲ್ಲಿ

ಹೊಸೂರಿನ ಬಾಗಲೂರು ರಸ್ತೆ, ತಳಿ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಹೋಗಿಬಂದವರಿಗೆ ವಾಟರ್ ಸರ್ವಿಸ್ ಅಂಗಡಿಗಳ ಮುಂದಿನ ಕಾರುಗಳ ಸಾಲು ಗೊತ್ತು. ಒಂದು ಬೋರ್‌ವೆಲ್, ಒಂದು ಪಂಪು, ದುಡಿಯುವ ನಾಲ್ಕು ಹುಡುಗರು ಇದ್ದರೆ ಅಂಗಡಿ ನಡೆಯುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಅಲ್ಲಿ ಸಲೀಸು.

ಈ ಕಸುಬು ಊರಿನ ಜೊತೆಗೇ ಬೆಳೆದದ್ದು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಅದರ ಹಿಂದೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಮೊದಲು ತೊಳೆಯಲು ನಿಲ್ಲುತ್ತಿದ್ದದ್ದು ಹೆಚ್ಚಾಗಿ ಲಾರಿಗಳು. ಈಗ ಹೊಸ ಬಡಾವಣೆಗಳ ಕಾರುಗಳು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು.

ಗಿರಾಕಿಗೆ ಕೊರತೆಯಿಲ್ಲ. ಪ್ರಶ್ನೆ ಇರುವುದು ನೀರಿನದು. ಕಾರಿಗೆ ಪೈಪು ಹಿಡಿದರೆ ನೂರು ಲೀಟರ್ ಸುಲಭವಾಗಿ ಮೀರುತ್ತದೆ. ಪಕ್ಕದಲ್ಲೇ ಹರಿಯುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ಬಂದು ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಕಾರುತ್ತದೆ. ಕುಡಿಯಲು ನಾವು ಹೊಗೇನಕಲ್ ನೀರನ್ನು ನೆಚ್ಚಿದ್ದೇವೆ. ಹೀಗಾಗಿ ವಾಟರ್ ಸರ್ವಿಸ್‌ನವರಿಗೂ ಅಕ್ಕಪಕ್ಕದ ಮನೆಗಳಿಗೂ ನೆಲದಡಿಯ ನೀರು ಒಂದೇ.

ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನಡೆದದ್ದು ನೆನಪಿರಲಿ. ಬೋರ್‌ವೆಲ್‌ಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿತು; ದಂಡ 5,000 ರೂಪಾಯಿ. ಅಂಥ ಆದೇಶ ನಮ್ಮಲ್ಲಿ ಬಂದರೆ ಮೊದಲು ಬಾಗಿಲು ಹಾಕುವವರು ಯಾರು? ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ಯಂತ್ರವಿರುವ ದೊಡ್ಡ ಕಂಪನಿಗಳಲ್ಲ, ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ದುಡಿದ ನಮ್ಮೂರಿನವರು.

ಇದಕ್ಕೆ ಕೈಗೆಟುಕುವ ದಾರಿಗಳಿವೆ. ಕೆಸರು ತಂಗಲು ಒಂದು ತೊಟ್ಟಿ, ಎಣ್ಣೆ ಬೇರ್ಪಡಿಸಲು ಇನ್ನೊಂದು. ಹಾಗೆ ತಿಳಿಯಾದ ನೀರಿನಲ್ಲಿ ಚಕ್ರ, ಅಡಿಭಾಗ ತೊಳೆದು, ಕೊನೆಯ ಸುತ್ತಿಗೆ ಮಾತ್ರ ಹೊಸ ನೀರು ಬಳಸಬಹುದು. ಶೆಡ್ಡಿನ ಮೇಲೆ ಬಿದ್ದ ಮಳೆನೀರನ್ನು ಇಂಗಿಸಬಹುದು. ಕಟ್ಟಡಗಳಿಗೆ ಮಳೆನೀರು ಕೊಯ್ಲು ತಮಿಳುನಾಡಿನಲ್ಲಿ 2003ರಿಂದಲೇ ಕಡ್ಡಾಯ. ತೊಟ್ಟಿಯ ಖರ್ಚು ಒಬ್ಬನಿಗೆ ಭಾರವಾದೀತು. ಒಂದೇ ರಸ್ತೆಯ ಅಂಗಡಿಗಳವರು ಕೂಡಿ ಪಾಲಿಕೆಯನ್ನು, ಬ್ಯಾಂಕನ್ನು ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಸಲ ಕಾರು ತೊಳೆಸುವಾಗ, "ಈ ನೀರು ಎಲ್ಲಿಗೆ ಹೋಗುತ್ತೆ ಅಣ್ಣಾ?" ಎಂದು ಕೇಳಿ. ತೊಟ್ಟಿ ಕಟ್ಟಿಸಿದವನಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬೇಡಿ. ಸೊಲ್ಲಾಪುರವಿರಲಿ, ಆದೋನಿಯಿರಲಿ, ನೀರಿಗೆ ಕಷ್ಟಪಡುವ ಎಲ್ಲ ಊರಿಗೂ ಈ ಮಾತು ಸಲ್ಲುತ್ತದೆ.